ಬೂ ರಾಡ್ಲಿ ಕೊನೆಗೂ ಒಳಗೇ ಯಾಕೆ ಹೋದ?

ಓದುಮನೆ
ಮಗಳಿಗೆ ಹನ್ನೆರಡು ವರ್ಷ. ಈ ರಜೆಯಲ್ಲಿ ಇಬ್ಬರೂ ಸೇರಿ ಹಾರ್ಪರ್ ಲೀ ಅವರ ‘ಟು ಕಿಲ್ ಎ ಮಾಕಿಂಗ್‌ಬರ್ಡ್’ ಓದಿದೆವು. ನಾನು ಗಟ್ಟಿಯಾಗಿ ಓದುವುದು, ಅವಳು ನಡುನಡುವೆ ತಡೆದು ಪ್ರಶ್ನೆ ಹಾಕುವುದು. ಕೋರ್ಟಿನ ಭಾಗ ಬಂದಾಗ ಅತ್ತಳು. ಅದು ನಾನು ಎಣಿಸಿದ್ದೇ. ಆದರೆ ಪುಸ್ತಕ ಮುಚ್ಚಿದ ಮೇಲೆ ಕೇಳಿದ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಬೂ ರಾಡ್ಲಿ ವರ್ಷಗಟ್ಟಲೆ ಮನೆಯೊಳಗೇ ಇದ್ದ ನೆರೆಯವನು, ಕೊನೆಗೆ ಹೊರಗೆ ಬಂದು ಪುಟ್ಟ ಸ್ಕೌಟ್ ಮತ್ತು ಅವಳ ಅಣ್ಣನ ಪ್ರಾಣ ಉಳಿಸುತ್ತಾನೆ. ಆಮೇಲೆ ಸ್ಕೌಟ್ ಅವನನ್ನು ಅವನ ಮನೆ ಮುಟ್ಟಿಸುತ್ತಾಳೆ. ಅವನು ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾನೆ. ಆಮೇಲೆ ಅವಳು ಅವನನ್ನು ನೋಡಲೇ ಇಲ್ಲ. “ಅಷ್ಟೆಲ್ಲ ಆದ ಮೇಲೂ ಯಾಕಮ್ಮ ಒಳಗೇ ಹೋದ? ಈಗ ಫ್ರೆಂಡ್ಸ್ ಆದರಲ್ಲ?”

“ಅವನಿಗೆ ಸಂಕೋಚ ಜಾಸ್ತಿ ಕಣೇ” ಅಂದೆ. ಅವಳು ಒಪ್ಪಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಒಪ್ಪಿಗೆ ಆಗಲಿಲ್ಲ. ಅವನು ತಾನಾಗಿ ಒಳಗಿದ್ದನೋ, ಕೂಡಿ ಹಾಕಿದ್ದರೋ? ಓದಿದವರು ಹೇಳಿ.

ಕಾಫಿಪುಡಿ
ಕೂಡಿ ಹಾಕಿದ್ದು. ಇದರಲ್ಲಿ ಚರ್ಚೆ ಎಲ್ಲಿಂದ ಬಂತು?

ಹಳೇಬೇರು
ಚರ್ಚೆ ಇದೆ. ಓದದವರಿಗಾಗಿ ಸ್ವಲ್ಪ ಹಿನ್ನೆಲೆ ಹೇಳಿಬಿಡುತ್ತೇನೆ.

ಅಲಬಾಮಾದ ಮೇಕೋಂಬ್ ಅನ್ನುವ ಕಲ್ಪಿತ ಊರು. ಕಥೆ ಶುರುವಾಗುವುದು 1933ರ ಬೇಸಿಗೆಯಲ್ಲಿ. ಸ್ಕೌಟ್‌ಗೆ ಇನ್ನೇನು ಆರು, ಅಣ್ಣ ಜೆಮ್‌ಗೆ ಇನ್ನೇನು ಹತ್ತು. ರಜೆಗೆ ಮಿಸಿಸಿಪ್ಪಿಯಿಂದ ಬರುವ ಡಿಲ್ ಮೂರನೆಯವನು. ಇವರ ಮನೆಯಿಂದ ಮೂರು ಮನೆ ಆಚೆಗೆ ರಾಡ್ಲಿಗಳ ಮನೆ. ಭಾನುವಾರವೂ ಕಿಟಕಿ, ಬಾಗಿಲು ಮುಚ್ಚಿದ ಮನೆ. ಆ ಊರಿನಲ್ಲಿ ಭಾನುವಾರ ಬಾಗಿಲು ಮುಚ್ಚಿದೆ ಅಂದರೆ ಯಾರಿಗೋ ಹುಷಾರಿಲ್ಲ ಅಂತ ಅರ್ಥ.

ಬೂ ಅಂದರೆ ಆರ್ಥರ್ ರಾಡ್ಲಿ. ಹದಿಹರೆಯದಲ್ಲಿ ಪೋಲಿ ಹುಡುಗರ ಜೊತೆ ಸೇರಿದ. ಯಾರದೋ ಡಕೋಟ ಕಾರು ತಂದು ಊರ ಚೌಕದ ಸುತ್ತ ಹಿಂದುಮುಂದಾಗಿ ಓಡಿಸಿದರು. ಹಿಡಿಯಲು ಬಂದ ಅಧಿಕಾರಿಯನ್ನು ಕೋರ್ಟಿನ ಪಾಯಿಖಾನೆಯಲ್ಲಿ ಕೂಡಿ ಹಾಕಿದರು. ಜಡ್ಜ್ ಎಲ್ಲರನ್ನೂ ಸರ್ಕಾರಿ ಕಸುಬು ಶಾಲೆಗೆ ಕಳಿಸಲು ಹೊರಟರು. ಬೂನ ಅಪ್ಪ ಮಾತ್ರ “ನನ್ನ ಮಗನನ್ನು ನಾನೇ ನೋಡಿಕೊಳ್ಳುತ್ತೇನೆ” ಅಂತ ಮನೆಗೆ ಕರೆದುಕೊಂಡು ಹೋದರು. ಆ ಶಾಲೆಗೆ ಹೋದ ಹುಡುಗರಿಗೆ ಒಳ್ಳೆ ವಿದ್ಯೆ ಸಿಕ್ಕಿತು. ಒಬ್ಬ ಎಂಜಿನಿಯರಿಂಗ್ ಕೂಡ ಓದಿದ. ಮನೆಗೆ ಹೋದ ಬೂ ಹದಿನೈದು ವರ್ಷ ಹೊರಗೆ ಕಾಣಿಸಲಿಲ್ಲ. ಜೈಲು ತಪ್ಪಿಸಿದ ಅಪ್ಪನೇ ಜೈಲರ್ ಆದ ಕಥೆ ಇದು.

ಬಿಸಿಬೇಳೆ
ಕಾರನ್ನು ರಿವರ್ಸ್ ಓಡಿಸಿದ್ದಕ್ಕೆ ಹದಿನೈದು ವರ್ಷ! ಆ ಕಾನೂನು ನಮ್ಮ ಏರಿಯಾಗೆ ಬಂದರೆ ಹೊರಗೆ ಉಳಿಯುವವರು ಹಾಲಿನವನು ಮತ್ತು ನಾನು. ಹಾಲಿನವನ ಬಗ್ಗೆಯೂ ಗ್ಯಾರಂಟಿ ಇಲ್ಲ.

ಇಂಗ್ಲಿಷ್‌ಮೇಡಂ
ಮೊದಲ ಅಧ್ಯಾಯದಲ್ಲೇ ಒಂದು ಮಾತು ಬರುತ್ತದೆ, ತುಂಬಾ ಜನ ಹಾರಿಸಿಬಿಡುತ್ತಾರೆ. ಬೂನನ್ನು ಮಂಚಕ್ಕೆ ಸರಪಳಿ ಹಾಕಿ ಕಟ್ಟಿದ್ದಾರೆ ಅಂತ ಜೆಮ್ ಊಹಿಸುತ್ತಾನೆ. ಮಕ್ಕಳ ಅಪ್ಪ, ವಕೀಲ ಆಟಿಕಸ್ ಹೇಳುವುದು ಇಷ್ಟೇ: ಹಾಗಲ್ಲ, ಮನುಷ್ಯನನ್ನು ದೆವ್ವ ಮಾಡಲು ಬೇರೆ ದಾರಿಗಳೂ ಇವೆ. ಅಂದರೆ ಸರಪಳಿ ಇರಲಿಲ್ಲ, ಬಾಗಿಲು ಮುರಿಯಬೇಕಾದ ಜೈಲೂ ಅಲ್ಲ. ಒಬ್ಬ ಹುಡುಗನಿಗೆ “ನೀನು ಹೊರಗೆ ಹೋಗಲು ಲಾಯಕ್ಕಿಲ್ಲ” ಅಂತ ದಿನಾ ಹೇಳುತ್ತಿದ್ದರೆ ಚಿಲಕ ಬೇಕೇ ಆಗುವುದಿಲ್ಲ.

ಕನ್ನಡದಲ್ಲಿ ಪಾಠ ಹೇಳುವಾಗ ನಾನು ‘ಬೂ’ ಅಂದರೆ ‘ಗುಮ್ಮ’ ಅನ್ನುತ್ತೇನೆ. ಕ್ಲಾಸಿಗೆ ತಕ್ಷಣ ಅರ್ಥವಾಗುತ್ತದೆ. ಗುಮ್ಮನನ್ನು ಯಾರೂ ನೋಡಿಲ್ಲ, ಆದರೆ ಅವನು ಹೇಗಿದ್ದಾನೆ ಅಂತ ಎಲ್ಲರಿಗೂ ಗೊತ್ತು. ಆರೂವರೆ ಅಡಿ ಎತ್ತರ, ಹಸಿ ಅಳಿಲು ತಿನ್ನುತ್ತಾನೆ, ಕೈಯಲ್ಲಿ ರಕ್ತದ ಕಲೆ, ಮುಖದ ಉದ್ದಕ್ಕೂ ಗಾಯದ ಗುರುತು. ಎಲ್ಲ ಜೆಮ್ ಕೊಟ್ಟ ವಿವರ, ಒಂದೂ ಕಣ್ಣಾರೆ ಕಂಡದ್ದಲ್ಲ.

ಸುಮ್ನೆಒಬ್ಬ
ಆದರೆ ಬೂ ತನ್ನ ಅಪ್ಪನ ಕಾಲಿಗೆ ಕತ್ತರಿ ಚುಚ್ಚಿದ್ದು? ಅದೂ ಮಕ್ಕಳ ಕಲ್ಪನೆಯಾ? ನಾನಾಗಿದ್ದರೆ ನನ್ನ ಮಕ್ಕಳನ್ನು ಆ ಮನೆ ಮುಂದೆ ಆಡಲು ಬಿಡುತ್ತಿರಲಿಲ್ಲ, ಕ್ಷಮಿಸಿ.

ಹಳೇಬೇರು
ಅದು ಊರ ವಾರ್ತಾವಾಹಿನಿ ಮಿಸ್ ಸ್ಟೆಫನಿ ಹೇಳಿದ್ದು. ಆಗ ಅವನಿಗೆ 33. ಪೇಪರ್ ಕತ್ತರಿಸುತ್ತಾ ಕೂತಿದ್ದ, ಅಪ್ಪ ಪಕ್ಕದಲ್ಲಿ ಹೋದರು, ಚುಚ್ಚಿದ, ಕತ್ತರಿ ಒರೆಸಿಕೊಂಡು ಮತ್ತೆ ಪೇಪರ್ ಕತ್ತರಿಸಿದ. ಅವನನ್ನು ಕೋರ್ಟಿನ ನೆಲಮಾಳಿಗೆಯಲ್ಲಿ ಇಟ್ಟರು ಅಂತಲೂ ಇದೆ. ಏನೋ ಆಗಿರಬೇಕು. ಆದರೆ ಎಷ್ಟು ನಿಜ, ಎಷ್ಟು ಒಗ್ಗರಣೆ ಅಂತ ಲೇಖಕಿ ಬೇಕೆಂದೇ ಹೇಳಿಲ್ಲ.

ಮಲೆನಾಡ_ಮಾಣಿ
ನಮ್ಮ ಬೀದಿಯಲ್ಲೂ ಒಬ್ಬರು ಹಾಗೆ ಇದ್ದರು. ಒಂಟಿ, ಬಾಗಿಲು ಯಾವಾಗಲೂ ಅರ್ಧ ಮುಚ್ಚಿದ್ದು. ಕ್ರಿಕೆಟ್ ಆಡುವಾಗ ಅವರ ಕಾಂಪೌಂಡಿಗೆ ಬಾಲ್ ಹೋದರೆ ಔಟ್, ಮತ್ತೆ ಬಾಲೂ ಹೋಯಿತು. ಪುಸ್ತಕದಲ್ಲೂ ಹಾಗೇ ಅಲ್ವಾ, ರಾಡ್ಲಿ ಅಂಗಳಕ್ಕೆ ಬಿದ್ದ ಬೇಸ್‌ಬಾಲ್ ಯಾರೂ ತರುವುದಿಲ್ಲ. ಓದಿದಾಗ ಮೈ ಜುಮ್ ಅಂದಿತ್ತು.

ವ್ಯತ್ಯಾಸ ಒಂದೇ. ಬೂ ಮರದ ಪೊಟರೆಯಲ್ಲಿ ಉಡುಗೊರೆ ಇಡುತ್ತಿದ್ದ. ನಮ್ಮವರು ಬಾಲನ್ನು ಬ್ಲೇಡಿನಲ್ಲಿ ಎರಡು ಹೋಳು ಮಾಡಿ ವಾಪಸ್ ಎಸೆಯುತ್ತಿದ್ದರು. ಎಲ್ಲ ಒಂಟಿ ಜನರ ಒಳಗೂ ಬಂಗಾರದ ಮನಸ್ಸು ಇರುತ್ತೆ ಅಂತ ದಯವಿಟ್ಟು ಯಾರೂ ಬರೆಯಬೇಡಿ.

ಬಿಸಿಬೇಳೆ
ಎರಡು ಹೋಳನ್ನೂ ಕೊಡುತ್ತಿದ್ದರಲ್ಲ, ಪ್ರಾಮಾಣಿಕರು.

ಓದುಮನೆ
😄 ಆ ಪೊಟರೆ ಭಾಗ ಮಗಳಿಗೆ ಭಾರಿ ಇಷ್ಟ. ಮೊದಲು ಎರಡು ಚೂಯಿಂಗ್ ಗಮ್. ಸ್ಕೌಟ್ ಅದನ್ನು ನೆಕ್ಕಿ, ಸಾಯುತ್ತೇನಾ ಅಂತ ಕಾದು, ಸಾಯದಿದ್ದ ಮೇಲೆ ಬಾಯಿಗೆ ಹಾಕಿಕೊಳ್ಳುತ್ತಾಳೆ. ಜೆಮ್ ಬಂದು ಉಗುಳಿಸಿ ಬಾಯಿ ಮುಕ್ಕಳಿಸಲು ಹೇಳುತ್ತಾನೆ. ಆಮೇಲೆ ಎರಡು ಹಳೆಯ ನಾಣ್ಯ, ದಾರದ ಉಂಡೆ, ಸೋಪಿನಲ್ಲಿ ಕೆತ್ತಿದ ಗೊಂಬೆಗಳು, ಮೆಡಲ್, ಓಡದ ಗಡಿಯಾರ. ಒಂದು ಪ್ರಶ್ನೆ: ಆ ನಾಣ್ಯಕ್ಕೆ ‘ಇಂಡಿಯನ್ ಹೆಡ್’ ಅಂತಾರೆ. ನಮ್ಮ ದೇಶದ್ದು ಅಲ್ಲಿಗೆ ಹೇಗೆ ಹೋಯಿತು?

ಡಲ್ಲಾಸ್_ಕನ್ನಡಿಗ
ನಮ್ಮದಲ್ಲ. ಅಮೆರಿಕದ ಮೂಲನಿವಾಸಿಗಳ ಗರಿಯ ಕಿರೀಟ ಇರುವ ಒಂದು ಸೆಂಟ್ ನಾಣ್ಯ. 1859ರಿಂದ 1909ರವರೆಗೆ ಟಂಕಿಸಿದರು. ಪುಸ್ತಕದಲ್ಲಿ ಸಿಗುವುದು 1900 ಮತ್ತು 1906ರವು. ಮಕ್ಕಳು ಹುಟ್ಟುವ ಮೊದಲಿನವು. ಬೂ ಹುಡುಗನಾಗಿದ್ದಾಗ ಎತ್ತಿಟ್ಟುಕೊಂಡವು ಅಂತ ನನ್ನ ಊಹೆ. ಅದೃಷ್ಟ ತರುವ ನಾಣ್ಯ ಅಂತ ಜೆಮ್ ಹೇಳುತ್ತಾನೆ. ಅವನ ಹತ್ತಿರ ಇದ್ದ ಅದೃಷ್ಟ ಅಷ್ಟೇ, ಅದನ್ನೂ ಕೊಟ್ಟುಬಿಟ್ಟ.

ಕಾಫಿಪುಡಿ
ಆಮೇಲೆ ಅವನ ಅಪ್ಪ ಆ ಪೊಟರೆಗೆ ಸಿಮೆಂಟ್ ಮೆತ್ತುತ್ತಾನೆ. ಇದಕ್ಕಿಂತ ಸಾಕ್ಷಿ ಬೇಕಾ ಕೂಡಿ ಹಾಕಿದ್ದಕ್ಕೆ?

ಇಂಗ್ಲಿಷ್‌ಮೇಡಂ
ಅಪ್ಪ ಅಲ್ಲ, ಅಣ್ಣ ನೇಥನ್. ಅಪ್ಪ ಅಷ್ಟರಲ್ಲಿ ಸತ್ತಿದ್ದರು. ಅವರ ಹೆಣ ಹೋಗುವಾಗ, ಬಿಳಿಯರ ವಿಷಯ ಅಪರೂಪಕ್ಕೆ ಮಾತಾಡುವ ಅಡುಗೆಯಾಕೆ ಕ್ಯಾಲ್ಪರ್ನಿಯಾ ಕೂಡ ದೇವರು ಉಸಿರು ಕೊಟ್ಟವರಲ್ಲೇ ಇವನಷ್ಟು ನೀಚ ಇಲ್ಲ ಅನ್ನುವ ಹಾಗೆ ಹೇಳಿ ಉಗಿಯುತ್ತಾಳೆ. ಊರವರು ಇನ್ನು ಬೂ ಹೊರಗೆ ಬರಬಹುದು ಅಂದುಕೊಂಡರು. ಅಪ್ಪನ ಜಾಗಕ್ಕೆ ಅಣ್ಣ ಬಂದ.

ನೇಥನ್ ಹೇಳಿದ್ದು, ಮರಕ್ಕೆ ರೋಗ ಬಂದಿದೆ ಅಂತ. ಜೆಮ್ ಆಟಿಕಸ್‌ನನ್ನು ಕೇಳುತ್ತಾನೆ. ಎಲೆಗಳು ಹಸಿರಾಗಿ ತುಂಬಿಕೊಂಡಿವೆಯಲ್ಲ, ಮರ ಆರೋಗ್ಯವಾಗಿದೆ ಅನ್ನುತ್ತಾನೆ ಆಟಿಕಸ್. ಹಿಂದಿನ ದಿನವಷ್ಟೇ ಮಕ್ಕಳು ಥ್ಯಾಂಕ್ಸ್ ಹೇಳಿ ಪತ್ರ ಬರೆದಿದ್ದರು. ಪೊಟರೆಗೆ ಹಾಕಲು ಹೋದರೆ ಸಿಮೆಂಟ್. ಜೆಮ್ ಸಂಜೆ ವರಾಂಡದಲ್ಲಿ ಒಬ್ಬನೇ ನಿಂತು, ಒಳಗೆ ಬರುವಾಗ ಮುಖದಲ್ಲಿ ಅತ್ತ ಗುರುತು. ಸ್ಕೌಟ್‌ಗೆ ಅಳುವಿನ ಸದ್ದೂ ಕೇಳಿರಲಿಲ್ಲ. ಇಪ್ಪತ್ತು ವರ್ಷ ಪಾಠ ಮಾಡಿದ್ದೇನೆ, ಆ ಪುಟ ಬಂದಾಗ ಈಗಲೂ ನಾನು ಕಿಟಕಿ ಕಡೆ ತಿರುಗಿ ಓದುತ್ತೇನೆ.

ಬಾಗಿಲೊಳಗೆ
ಇಲ್ಲಿ ಬರೆಯುವುದು ಇದೇ ಮೊದಲು. ಹೇಳಬೇಕೋ ಬೇಡವೋ ಅಂತ ಯೋಚಿಸಿ ಬರೆಯುತ್ತಿದ್ದೇನೆ.

ನಾನು ಸುಮಾರು ಎರಡು ವರ್ಷ ಹಾಗೆ ಒಳಗೇ ಇದ್ದೆ. ಕೆಲಸ ಹೋಯಿತು, ಆಮೇಲೆ ಒಂದೊಂದೇ ಕಾರಣ ಸೇರಿಕೊಂಡಿತು. ಯಾರೂ ಕೂಡಿ ಹಾಕಿರಲಿಲ್ಲ. ಮೊದಲ ತಿಂಗಳು ಹೊರಗೆ ಹೋಗಲು ಮನಸ್ಸಿಲ್ಲ. ಆರನೇ ತಿಂಗಳು, ಇಷ್ಟು ದಿನ ಎಲ್ಲಿದ್ದೆ ಅಂತ ಕೇಳುತ್ತಾರೆ ಅನ್ನುವ ಭಯ. ಒಂದು ವರ್ಷ ಆದ ಮೇಲೆ ಹೊರಗೆ ಹೋಗುವುದೇ ಒಂದು ಸುದ್ದಿ ಆಗಿಬಿಡುತ್ತೆ. ಅದಕ್ಕೆ “ಕೂಡಿ ಹಾಕಿದ್ದೋ, ತಾನಾಗಿ ಇದ್ದದ್ದೋ” ಅನ್ನುವ ಪ್ರಶ್ನೆ ನನಗೆ ಅರ್ಥವೇ ಆಗುವುದಿಲ್ಲ. ಮೊದಲನೆಯದು ನಿಧಾನಕ್ಕೆ ಎರಡನೆಯದಾಗುತ್ತೆ.

ಪಕ್ಕದ ಮನೆ ಮಕ್ಕಳು ನನ್ನ ಕಿಟಕಿ ಕೆಳಗೆ ಬಂದು ಪಿಸುಗುಟ್ಟುತ್ತಿದ್ದರು. ಒಬ್ಬ ಇನ್ನೊಬ್ಬನಿಗೆ ಬೆಲ್ ಒತ್ತು ಅಂತ ಸವಾಲು. ನನಗೆ ಕೋಪ ಬರುತ್ತಿರಲಿಲ್ಲ. ಅವರು ಬರುವ ಸಮಯಕ್ಕೆ ಕಾಯುತ್ತಿದ್ದೆ. ಪುಸ್ತಕದಲ್ಲಿ ಸ್ಕೌಟ್ ಟೈರಿನೊಳಗೆ ಕೂತು ಉರುಳಿ ರಾಡ್ಲಿ ಅಂಗಳಕ್ಕೆ ಬೀಳುತ್ತಾಳಲ್ಲ, ಆಗ ಮನೆಯೊಳಗಿಂದ ಯಾರೋ ನಕ್ಕ ಸದ್ದು ಕೇಳುತ್ತೆ. ಅವಳು ಹೆದರುತ್ತಾಳೆ. ಆ ನಗು ಎಂಥದ್ದು ಅಂತ ನನಗೆ ಗೊತ್ತು.

ಓದುಮನೆ
ಬರೆದಿದ್ದು ಒಳ್ಳೆಯದಾಯಿತು. ಮೂರು ಸಲ ಓದಿದೆ.

ಸುಮ್ನೆಒಬ್ಬ
ಮೇಲೆ ನಾನು ಬರೆದಿದ್ದು ಸ್ವಲ್ಪ ಒರಟಾಯಿತು ಅನ್ನಿಸುತ್ತಿದೆ. ಇರಲಿ, ಅಳಿಸುವುದಿಲ್ಲ.

ಹಳೇಬೇರು
ಬಾಗಿಲೊಳಗೆ ಅವರೇ, ಡಿಲ್ ಹೇಳುವುದೂ ಸುಮಾರು ಇದನ್ನೇ. ಒಂದು ರಾತ್ರಿ ಸ್ಕೌಟ್ ಕೇಳುತ್ತಾಳೆ, ಬೂ ಯಾಕೆ ಓಡಿಹೋಗಲಿಲ್ಲ ಅಂತ. ಓಡಿಹೋಗಲು ಅವನಿಗೆ ಜಾಗ ಇಲ್ಲವೇನೋ ಅನ್ನುತ್ತಾನೆ ಡಿಲ್. ಅವನು ಆಗಷ್ಟೇ ತನ್ನ ಮನೆಯಿಂದ ಓಡಿಬಂದು ಸ್ಕೌಟ್ ಮಂಚದ ಕೆಳಗೆ ಅಡಗಿದ್ದವನು. ಬಿಳಿ ಹುಡುಗಿಯ ಮೇಲೆ ಅತ್ಯಾಚಾರ ಮಾಡಿದ ಅಂತ ಸುಳ್ಳು ಆರೋಪ ಹೊತ್ತ, ಆಟಿಕಸ್ ಪರವಾಗಿ ವಾದಿಸಿದ ಕರಿಯ ಟಾಮ್ ರಾಬಿನ್ಸನ್ ತಪ್ಪಿತಸ್ಥ ಅಂತ ತೀರ್ಪು ಬಂದ ಮೇಲೆ ಜೆಮ್ ಕೂಡ ಒಂದು ಮಾತು ಹೇಳುತ್ತಾನೆ: ಬೂ ಒಳಗಿರುವುದು ಅವನಿಗೆ ಒಳಗೇ ಇರಬೇಕು ಅನ್ನಿಸುವುದರಿಂದ. ಊರನ್ನು ನೋಡಿ ಬಂದ ಮಾತು ಅದು.

ಕಪ್ಪುಹಲಗೆ
ಎಲ್ಲರೂ ಬೂ ಬೂ ಅಂತ ಕರಗುತ್ತಿದ್ದೀರಿ. ಒಂದು ಕಹಿ ಮಾತು ಹೇಳುತ್ತೇನೆ.

ಬೂ ಕತ್ತರಿ ಚುಚ್ಚಿದಾಗ ಶೆರಿಫ್ ಅವನನ್ನು ಜೈಲಿಗೆ ಹಾಕಲಿಲ್ಲ. ಯಾಕೆ? ಕರಿಯರ ಜೊತೆ ಇಡಲು ಮನಸ್ಸು ಬರಲಿಲ್ಲವಂತೆ. ಅದಕ್ಕೆ ನೆಲಮಾಳಿಗೆ. ಕೊನೆಯಲ್ಲಿ, ಟಾಮ್ ಮೇಲೆ ಸುಳ್ಳು ದೂರು ಕೊಟ್ಟು ಆಮೇಲೆ ಮಕ್ಕಳನ್ನು ಕೊಲ್ಲಲು ಬಂದ ಬಾಬ್ ಯೂವೆಲ್‌ನನ್ನು ಬೂ ಕೊಂದರೆ ಶೆರಿಫ್ ಹೆಕ್ ಟೇಟ್ “ಅವನೇ ತನ್ನ ಚಾಕುವಿನ ಮೇಲೆ ಬಿದ್ದ” ಅಂತ ಮುಗಿಸುತ್ತಾನೆ. ವಿಚಾರಣೆಯೇ ಇಲ್ಲ. ಏನೂ ಮಾಡದ ಟಾಮ್ ರಾಬಿನ್ಸನ್‌ಗೆ ಪೂರ್ತಿ ವಿಚಾರಣೆ, ಪೂರ್ತಿ ಸುಳ್ಳು, ಆಮೇಲೆ ಹದಿನೇಳು ಗುಂಡು. ಇಬ್ಬರನ್ನೂ, ಕೊಂದರೆ ಪಾಪ ಅಂತ ಪುಸ್ತಕ ಹೇಳುವ ಹಾಡುವ ಹಕ್ಕಿ ಮಾಕಿಂಗ್‌ಬರ್ಡ್ ಅಂತ ಒಂದೇ ಕೊಂಬೆಯಲ್ಲಿ ಕೂರಿಸಬೇಡಿ. ಒಂದು ಹಕ್ಕಿಗೆ ಊರೇ ರೆಕ್ಕೆ ಅಡ್ಡ ಹಿಡಿಯಿತು, ಇನ್ನೊಂದಕ್ಕೆ ಬಂದೂಕು ಹಿಡಿಯಿತು.

ವಕೀಲಸಾಬ್
ಒಳ್ಳೆ ಮಾತು, ಆದರೆ ಒಂದು ತಿದ್ದುಪಡಿ. ಟೇಟ್ ಬೂನನ್ನು ಶಿಕ್ಷೆಯಿಂದ ಉಳಿಸಲು ಸುಳ್ಳು ಹೇಳಿದ್ದಲ್ಲ. ಇನ್ನೊಬ್ಬರ ಪ್ರಾಣ ಉಳಿಸಲು ಹೊಡೆದರೆ ಅದು ಅಪರಾಧ ಆಗುವುದಿಲ್ಲ. ನಮ್ಮ ಹಳೆಯ ಐಪಿಸಿಯಲ್ಲೂ 96ರಿಂದ 106ರವರೆಗಿನ ಸೆಕ್ಷನ್‌ಗಳು ಅದೇ. ಕೋರ್ಟಿಗೆ ಹೋಗಿದ್ದರೂ ಬೂ ಬಿಡುಗಡೆ ಆಗುತ್ತಿದ್ದ. ಟೇಟ್‌ಗೆ ಭಯ ಇದ್ದದ್ದು ಬೇರೆ: ಊರ ಹೆಂಗಸರೆಲ್ಲ, ತನ್ನ ಹೆಂಡತಿಯೂ ಸೇರಿ, ಕೇಕ್ ಮಾಡಿಕೊಂಡು ಬೂ ಬಾಗಿಲು ಬಡಿಯುತ್ತಾರೆ ಅಂತ. ಸಂಕೋಚದ ಮನುಷ್ಯನನ್ನು ಬೆಳಕಿಗೆ ಎಳೆಯುವುದೇ ಪಾಪ ಅನ್ನುತ್ತಾನೆ.

ಇನ್ನೊಂದು. ಆಟಿಕಸ್ ಮೊದಲಿಗೆ, ಕೊಂದಿದ್ದು ಜೆಮ್ ಅಂತಲೇ ತಿಳಿದಿರುತ್ತಾನೆ. ಮಗನನ್ನು ಉಳಿಸಲು ಶೆರಿಫ್ ಸುಳ್ಳು ಹೇಳುತ್ತಿದ್ದಾನೆ ಅಂದುಕೊಂಡು ಹಟ ಹಿಡಿಯುತ್ತಾನೆ, ಬೇಡವೇ ಬೇಡ ಅಂತ. ಆ ಜಗಳ ನಿಧಾನಕ್ಕೆ ಓದಿ. ಇಬ್ಬರೂ ಬೇರೆ ಬೇರೆ ಮನುಷ್ಯನ ಬಗ್ಗೆ ವಾದ ಮಾಡುತ್ತಿರುತ್ತಾರೆ.

ಕಪ್ಪುಹಲಗೆ
ನಾನೂ ಅದನ್ನೇ ಹೇಳಿದ್ದು ಸಾರ್. ಟಾಮ್‌ಗೆ ಪ್ರಾಣವೇ ಸಿಗಲಿಲ್ಲ. ಬೂಗೆ ಕೇಕಿನಿಂದಲೂ ರಕ್ಷಣೆ.

ವಕೀಲಸಾಬ್
ಇದಕ್ಕೆ ನನ್ನ ಬಳಿ ಉತ್ತರ ಇಲ್ಲ.

ಕಾಫಿಪುಡಿ
ಬೂಗೆ ಆಟಿಸಂ ಇತ್ತು ಅಂತ ಎಲ್ಲೋ ಓದಿದ ನೆನಪು. ಅದಕ್ಕೇ ಜನರ ಜೊತೆ ಬೆರೆಯುತ್ತಿರಲಿಲ್ಲ.

ಇಂಗ್ಲಿಷ್‌ಮೇಡಂ
ಪುಸ್ತಕದಲ್ಲಿ ಎಲ್ಲೂ ಇಲ್ಲ. ಎದುರು ಮನೆಯ ಮಿಸ್ ಮೌಡಿಗೆ ಅವನ ಬಾಲ್ಯ ನೆನಪಿದೆ. ಆರ್ಥರ್ ತನ್ನ ಹತ್ತಿರ ಯಾವಾಗಲೂ ಚೆನ್ನಾಗಿ ಮಾತಾಡುತ್ತಿದ್ದ ಅನ್ನುತ್ತಾಳೆ. ಹುಡುಗರ ಗುಂಪು ಕಟ್ಟಿಕೊಂಡು ಕಾರು ಓಡಿಸಿದವನು ಬೆರೆಯದವನು ಹೇಗಾಗುತ್ತಾನೆ? ಮಿಸ್ ಸ್ಟೆಫನಿ ಮಾಡಿದ್ದನ್ನೇ ನಾವು ಹೊಸ ಪದ ಹಾಕಿ ಮಾಡುವುದು ಬೇಡ.

ಹಕ್ಕಿಗಣ್ಣು
ವಿಷಯ ಬಿಟ್ಟು ಹೋಗುತ್ತಿದ್ದೇನೆ, ಕ್ಷಮಿಸಿ. ಮಾಕಿಂಗ್‌ಬರ್ಡ್ ನಮ್ಮಲ್ಲಿಲ್ಲ. ಬೇರೆ ಹಕ್ಕಿಗಳ ಕೂಗನ್ನು ಅಣಕಿಸುವ ಹಕ್ಕಿ ಅದು. ನಮ್ಮ ಕಾಡಿನಲ್ಲಿ ಆ ಕೆಲಸ ಭೀಮರಾಜನದು, ಬಾಲಕ್ಕೆ ಎರಡು ಚಮಚ ಕಟ್ಟಿಕೊಂಡ ಕಾಜಾಣ. ತಮಾಷೆ ಏನೆಂದರೆ ಮಾಕಿಂಗ್‌ಬರ್ಡ್ ಪಕ್ಕದ ಮಿಸಿಸಿಪ್ಪಿಯ ರಾಜ್ಯಪಕ್ಷಿ, ಅಲಬಾಮಾದ್ದಲ್ಲ. ಅಲಬಾಮಾದ್ದು ಒಂದು ಮರಕುಟಿಗ.

ವಿಷಯಕ್ಕೂ ಒಂದು ಎಳೆ ಇದೆ. ಹ್ಯಾಲೋವೀನ್ ರಾತ್ರಿ ಮಕ್ಕಳು ಕತ್ತಲಲ್ಲಿ ರಾಡ್ಲಿ ಮನೆ ದಾಟಿ ಶಾಲೆಗೆ ಹೋಗುವಾಗ ಮೇಲೆ ಮರದಲ್ಲಿ ಒಂದೇ ಒಂದು ಮಾಕಿಂಗ್‌ಬರ್ಡ್ ತನಗೆ ಗೊತ್ತಿರುವ ಕೂಗೆಲ್ಲ ಕೂಗುತ್ತಿರುತ್ತದೆ. ಯಾರ ಮರದಲ್ಲಿ ಕೂತಿದ್ದೇನೆ ಅಂತ ಅದಕ್ಕೆ ಗೊತ್ತಿಲ್ಲ ಅನ್ನುವ ಹಾಗೆ.

ಮಲೆನಾಡ_ಮಾಣಿ
ಭೀಮರಾಜ ನಮ್ಮ ತೋಟದಲ್ಲಿ ಬೆಕ್ಕಿನ ಹಾಗೆ ಕೂಗಿ ನಾಯಿಯನ್ನು ಓಡಾಡಿಸುತ್ತೆ. ಅದನ್ನು ಕೊಲ್ಲುವುದು ಪಾಪ ಅಂದರೆ ನಮ್ಮ ನಾಯಿ ಒಪ್ಪುವುದಿಲ್ಲ.

ಡಲ್ಲಾಸ್_ಕನ್ನಡಿಗ
ಲೇಖಕಿಯ ಊರು ಮನ್ರೋವಿಲ್‌ಗೆ ಹೋಗಿದ್ದೆ. ಹಳೆಯ ಕೋರ್ಟ್ ಈಗ ಮ್ಯೂಸಿಯಂ. ಪ್ರತಿ ವಸಂತದಲ್ಲಿ ಊರವರೇ ಸೇರಿ ಈ ಕಥೆಯ ನಾಟಕ ಆಡುತ್ತಾರೆ. ಲೇಖಕಿ ಬೆಳೆದ ಮನೆ ಉಳಿದಿಲ್ಲ. ಆ ಜಾಗದಲ್ಲಿ ಐಸ್‌ಕ್ರೀಮ್, ಬರ್ಗರ್ ಮಾರುವ ಸಣ್ಣ ಅಂಗಡಿ. ಅಲ್ಲಿ ನಿಂತು ನನಗೆ ನೆನಪಾಗಿದ್ದು ಮಕ್ಕಳು ಗಾಳದ ಕೋಲಿಗೆ ಚೀಟಿ ಸಿಕ್ಕಿಸಿ ಬೂನ ಕಿಟಕಿಗೆ ತಲುಪಿಸಲು ಹೋಗಿದ್ದು. ಹೊರಗೆ ಬಾ, ಐಸ್‌ಕ್ರೀಮ್ ಕೊಡಿಸುತ್ತೇವೆ ಅಂತ ಬರೆದಿದ್ದರು. ನಾನು ಎರಡು ತಿಂದೆ.

ಡಿಲ್ ಪಾತ್ರಕ್ಕೆ ಮಾದರಿ ಪಕ್ಕದ ಮನೆಗೆ ಬರುತ್ತಿದ್ದ, ಮುಂದೆ ಲೇಖಕನಾದ ಟ್ರೂಮನ್ ಕಪೋಟಿ, ಅದು ಎಲ್ಲರಿಗೂ ಗೊತ್ತು. ನನಗೆ ಅನಿಸುವುದು, ಕೊನೆಗೆ ಲೇಖಕಿಯೇ ಬೂ ಆದರು. 1960ರಲ್ಲಿ ಪುಸ್ತಕ, 1961ರಲ್ಲಿ ಪುಲಿಟ್ಜರ್ ಪ್ರಶಸ್ತಿ, ಆಮೇಲೆ ಬಾಗಿಲು ಬಂದ್.

ಹಳೇಬೇರು
ಇದನ್ನು ಒಪ್ಪುವುದಿಲ್ಲ. ಅವರು ನ್ಯೂಯಾರ್ಕ್‌ನಲ್ಲೂ ಊರಿನಲ್ಲೂ ಆರಾಮಾಗಿ ಓಡಾಡಿಕೊಂಡಿದ್ದರು. ಕೆಲವು ವರ್ಷಗಳ ನಂತರ ಪತ್ರಕರ್ತರಿಗೆ ಸಂದರ್ಶನ ಕೊಡುವುದನ್ನು ಹೆಚ್ಚುಕಮ್ಮಿ ನಿಲ್ಲಿಸಿದರು, ಅಷ್ಟೇ. ನಮ್ಮ ಮನೆ ಬಾಗಿಲು ತೆಗೆಯದವರೆಲ್ಲ ಗುಮ್ಮ ಅನ್ನುವುದು ಮೇಕೋಂಬ್ ಬುದ್ಧಿ.

ಬಿಸಿಬೇಳೆ
ಸಿನಿಮಾ ನೋಡಿದವರು ಯಾರಾದರೂ ಇದ್ದೀರಾ? 1962ರದ್ದು. ಬೂ ಆಗಿ ರಾಬರ್ಟ್ ಡುವಾಲ್, ಅವನ ಮೊದಲ ಸಿನಿಮಾ. ಒಂದು ಮಾತೂ ಇಲ್ಲ. ಬಾಗಿಲ ಹಿಂದೆ ಮೂಲೆಯಲ್ಲಿ ನಿಂತಿರುತ್ತಾನೆ, ಬಾಗಿಲು ಸರಿಸಿದರೆ ಮುಖ. ಸಾಕು, ಗಂಟಲು ಕಟ್ಟಿತು. ಹತ್ತು ವರ್ಷದಲ್ಲಿ ಅದೇ ಮನುಷ್ಯ ‘ಗಾಡ್‌ಫಾದರ್’ನಲ್ಲಿ ವಕೀಲ.

ಸುಮ್ನೆಒಬ್ಬ
ಪುಸ್ತಕದಲ್ಲೂ ಮಾತಿಲ್ಲ ಅಲ್ವಾ?

ಇಂಗ್ಲಿಷ್‌ಮೇಡಂ
ಒಂದೇ ಒಂದು ಇದೆ. ಇಡೀ ಪುಸ್ತಕದಲ್ಲಿ ಬೂ ಬಾಯಿಂದ ಬರುವುದು ಒಂದು ಪ್ರಶ್ನೆ, ಅದೂ ಕತ್ತಲಿಗೆ ಹೆದರಿದ ಮಗುವಿನ ದನಿಯಲ್ಲಿ, ಪಿಸುಮಾತಿನಲ್ಲಿ: ನನ್ನನ್ನು ಮನೆಗೆ ಕರೆದುಕೊಂಡು ಹೋಗ್ತೀಯಾ?

ಓದುಮನೆ ಅವರೇ, ನಿಮ್ಮ ಮಗಳ ಪ್ರಶ್ನೆಗೆ ನಾನು ಹುಡುಕುವ ಉತ್ತರ ಇಲ್ಲೇ ಇದೆ. ಮೂರು ಬೇಸಿಗೆ ಮಕ್ಕಳು ಅವನನ್ನು ಹೊರಗೆ ಕರೆಯಲು ಒದ್ದಾಡಿದರು. ಅವನ ಕಥೆಯನ್ನೇ ನಾಟಕ ಆಡಿದರು, ಕತ್ತರಿ ಸಮೇತ. ಅವನಿಗೆ ಏನು ಬೇಕು ಅಂತ ಒಬ್ಬರೂ ಕೇಳಲಿಲ್ಲ. ಅವನು ಬಾಯಿ ಬಿಟ್ಟು ಕೇಳಿದ್ದು ಇದೊಂದೇ, ಮನೆಗೆ ಹೋಗಬೇಕು ಅಂತ. ಸ್ಕೌಟ್ ವಾದ ಮಾಡದೆ ಕರೆದುಕೊಂಡು ಹೋಗುತ್ತಾಳೆ.

ಹೋಗುವ ರೀತಿ ಗಮನಿಸಿ. ಅವಳು ಅವನ ಕೈ ಹಿಡಿದು ಎಳೆದುಕೊಂಡು ಹೋಗುವುದಿಲ್ಲ. ಅವನ ತೋಳು ಮಡಿಸಿಸಿ ತನ್ನ ಕೈ ಅದರೊಳಗೆ ಇಡುತ್ತಾಳೆ. ಮಿಸ್ ಸ್ಟೆಫನಿ ಮಹಡಿ ಕಿಟಕಿಯಿಂದ ನೋಡಿದರೆ, ಆರ್ಥರ್ ರಾಡ್ಲಿ ಒಬ್ಬ ದೊಡ್ಡ ಮನುಷ್ಯನ ಹಾಗೆ ಹುಡುಗಿಯನ್ನು ಕರೆದುಕೊಂಡು ಹೋಗುತ್ತಿರುವಂತೆ ಕಾಣಬೇಕು.

ಕಾಫಿಪುಡಿ
ಸರಿ, ‘ಚರ್ಚೆ ಎಲ್ಲಿಂದ ಬಂತು’ ಅಂದದ್ದು ವಾಪಸ್ ತಗೊಂಡೆ. ಕೂಡಿ ಹಾಕಿದ್ದು ಅಂದದ್ದು ಮಾತ್ರ ವಾಪಸ್ ಇಲ್ಲ.

ಬಾಗಿಲೊಳಗೆ
ಒಂದು ಸೇರಿಸುತ್ತೇನೆ. ಜೆಮ್ ಬೇಲಿಗೆ ಸಿಕ್ಕ ಪ್ಯಾಂಟ್ ಬಿಟ್ಟು ಓಡುತ್ತಾನಲ್ಲ, ಆಮೇಲೆ ರಾತ್ರಿ ವಾಪಸ್ ಹೋದಾಗ ಅದು ಹೊಲಿದು ಮಡಿಸಿ ಇಟ್ಟಿರುತ್ತೆ. ಹೊಲಿಗೆ ವಕ್ರ ವಕ್ರ. ಮಿಸ್ ಮೌಡಿ ಮನೆಗೆ ಬೆಂಕಿ ಬಿದ್ದ ರಾತ್ರಿ ಸ್ಕೌಟ್ ಹೆಗಲಿಗೆ ಯಾರೋ ಕಂಬಳಿ ಹೊದಿಸಿರುತ್ತಾರೆ. ಅಂದರೆ ಅವನು ಆಗಲೇ ಹೊರಗೆ ಬರುತ್ತಿದ್ದ, ಯಾರೂ ನೋಡದಾಗ. ನಾನು ಮೊದಲು ಹೊರಗೆ ಹೋಗಿದ್ದೂ ಬೆಳಗಿನ ನಾಲ್ಕೂವರೆಗೆ.

ಓದುಮನೆ
ಇದೆಲ್ಲ ಮಗಳಿಗೆ ಓದಿ ಹೇಳಿದೆ. ಕೇಳಿಸಿಕೊಂಡಳು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಆ ಥ್ಯಾಂಕ್ಸ್ ಪತ್ರ ಅವನಿಗೆ ಕೊನೆಗೂ ಸಿಗಲೇ ಇಲ್ವಾ?” ಅಂದಳು.

ನಾನು ಮತ್ತೆ ಪುಸ್ತಕ ತೆಗೆದು ಹುಡುಕುತ್ತಿದ್ದೇನೆ.

ಇಂಗ್ಲಿಷ್‌ಮೇಡಂ
ಹುಡುಕಬೇಡಿ. ಸಿಗಲಿಲ್ಲ.

ಬಿಸಿಬೇಳೆ
ಮಾಣಿ, ಆ ಬಾಲಿನ ಹೋಳುಗಳನ್ನು ಏನು ಮಾಡುತ್ತಿದ್ದಿರಿ?

ಮಲೆನಾಡ_ಮಾಣಿ
ಸೈಕಲ್ ಟ್ಯೂಬಿನ ಸೊಲ್ಯೂಷನ್ ಹಾಕಿ ಅಂಟಿಸಿ ಆಡುತ್ತಿದ್ದೆವು. ಭಾರಿ ಸ್ಪಿನ್ ಆಗುತ್ತಿತ್ತು.